ಉತ್ತರ ಬಂತು ಅಂತ ಪೆನ್ನು ಕೆಳಗಿಡಬೇಡಿ: ಹಳೆಯ ಕೆಮಿಸ್ಟ್ರಿ ಪೇಪರ್‌ಗಳನ್ನು ಬಿಡಿಸುವ ಬಗ್ಗೆ

(ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಮತ್ತು ಅವರ ಪೋಷಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬರೆದಿದ್ದೇನೆ. ಓದುವಾಗ ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇದ್ದರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಅಂತ ನಿಮಗೆ ಎಲ್ಲರೂ ಹೇಳುತ್ತಾರೆ. ಲೆಕ್ಚರರ್ ಹೇಳುತ್ತಾರೆ, ಟ್ಯೂಷನ್ನಿನವರು ಹೇಳುತ್ತಾರೆ, ಹೋದ ವರ್ಷ ಪಾಸಾದ ಅಕ್ಕ ಅಣ್ಣಂದಿರೂ ಹೇಳುತ್ತಾರೆ. ಹೇಗೆ ಬಿಡಿಸಬೇಕು ಅಂತ ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಹಾಗಾಗಿ ಹೆಚ್ಚಿನವರು ಮಾಡುವುದು ಇಷ್ಟೇ. ಪ್ರಶ್ನೆ ಓದುತ್ತೀರಿ. ಫಾರ್ಮುಲಾ ನೆನಪಾದರೆ ಅಂಕಿ ಹಾಕುತ್ತೀರಿ. ಪುಸ್ತಕದ ಹಿಂದಿರುವ ಉತ್ತರದ ಜೊತೆ ತಾಳೆ ನೋಡುತ್ತೀರಿ. ತಾಳೆಯಾದರೆ ಒಂದು ಟಿಕ್, ಮುಂದಿನ ಪ್ರಶ್ನೆ. ಆಗದಿದ್ದರೆ ಬಿಡಿಸಿಟ್ಟ ಉತ್ತರ ನೋಡಿ 'ಓ, ಹೀಗಾ' ಅಂದುಕೊಂಡು ಮತ್ತೆ ಮುಂದಿನ ಪ್ರಶ್ನೆ. ಒಂದು ಭಾನುವಾರದಲ್ಲಿ ಎರಡು ಪೇಪರ್ ಮುಗಿಯಿತು ಅಂತ ಸಮಾಧಾನ. ಆದರೆ ಮುಂದಿನ ತಿಂಗಳು ಅದೇ ಪ್ರಶ್ನೆ ಸ್ವಲ್ಪ ತಿರುಗಿಸಿ ಬಂದರೆ ಕೈ ನಿಂತುಬಿಡುತ್ತದೆ. ಅಲ್ವಾ?

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಒಂದೇ ವಿಷಯ. ಉತ್ತರ ಬಂದ ಮೇಲೆ ಆ ಪ್ರಶ್ನೆಯ ಜೊತೆ ಇನ್ನೂ ಸ್ವಲ್ಪ ಹೊತ್ತು ಕೂರಿ. ಬಂದ ಅಂಕಿ ಏನು ಹೇಳುತ್ತಿದೆ ಅಂತ ಕೇಳಿ. ಆಮೇಲೆ ಪ್ರಶ್ನೆಯಲ್ಲಿ ಒಂದೇ ಒಂದು ಅಂಶ ಬದಲಿಸಿ ಮತ್ತೆ ಬಿಡಿಸಿ. ಹತ್ತು ಪೇಪರ್ ಓಡಿಸಿದವರಿಗಿಂತ ಮೂರು ಪೇಪರ್ ಹೀಗೆ ಮಾಡಿದವರು ಜಾಸ್ತಿ ಕಲಿಯುತ್ತಾರೆ. ಇದನ್ನು ಬರೀ ಮಾತಲ್ಲಿ ಹೇಳಿದರೆ ಉಪದೇಶ ಆಗುತ್ತದೆ. ಬೋರ್ಡಿನ ಮೇಲೆ ಮಾಡಿ ತೋರಿಸುತ್ತೇನೆ.

ಅದಕ್ಕೆ ಮೊದಲು, ಯಾವ ಪೇಪರ್ ತೆಗೆದುಕೊಳ್ಳಬೇಕು ಅನ್ನೋದನ್ನು ಬೇಗ ಹೇಳಿ ಮುಗಿಸುತ್ತೇನೆ. ಎನ್‌ಸಿಇಆರ್‌ಟಿ ಪಠ್ಯ ಕಡಿತ ಆದ ಮೇಲೆ ದ್ವಿತೀಯ ಪಿಯುಸಿ ಕೆಮಿಸ್ಟ್ರಿಯಲ್ಲಿ 16 ಯೂನಿಟ್ ಇದ್ದದ್ದು 10 ಆಯಿತು. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಲೋಹಗಳನ್ನು ಬೇರ್ಪಡಿಸುವ ಅಧ್ಯಾಯ, ಪಿ-ಬ್ಲಾಕ್, ಪಾಲಿಮರ್, ದಿನಬಳಕೆಯ ಕೆಮಿಸ್ಟ್ರಿ, ಈ ಆರೂ ಹೋದವು. ಹಳೆಯ ಪೇಪರ್ ಕೈಗೆ ಬಂದ ಕೂಡಲೇ ಈ ಆರು ಅಧ್ಯಾಯದ ಪ್ರಶ್ನೆಗಳ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. 2024ರ ಸಿಇಟಿಯಲ್ಲಿ ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದು ಎಷ್ಟು ಗಲಾಟೆಯಾಯಿತು, ಕೊನೆಗೆ ಅವನ್ನು ಮೌಲ್ಯಮಾಪನದಿಂದಲೇ ಕೈಬಿಡಬೇಕಾಯಿತು ಅನ್ನೋದು ನಿಮಗೆ ಗೊತ್ತಿದೆ. ಇನ್ನೊಂದು ಅನುಕೂಲವೂ ಇದೆ. 2024 ಮತ್ತು 2025ರಲ್ಲಿ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ನಡೆದವು. ಮೂರಕ್ಕೂ ಬೇರೆ ಬೇರೆ ಪೇಪರ್. ಅಂದರೆ ಈಗಿನ ಪಠ್ಯಕ್ಕೆ ಸರಿಹೊಂದುವ ಪೇಪರ್‌ಗಳಿಗೆ ಬರ ಇಲ್ಲ. ಮೊದಲು ಅವನ್ನು ಹಿಡಿಯಿರಿ. ತೀರಾ ಹಳೆಯವು ಆಮೇಲೆ.

ಈಗ ಮೊದಲ ಲೆಕ್ಕ. ಇದು ಪಠ್ಯಪುಸ್ತಕದಲ್ಲೇ ಇದೆ. ಅಂಕಿ ಬದಲಾಗಿ ಪೇಪರ್‌ಗಳಲ್ಲೂ ಬರುತ್ತದೆ. 2 ಗ್ರಾಂ ಬೆಂಜೋಯಿಕ್ ಆಸಿಡ್ಡನ್ನು 25 ಗ್ರಾಂ ಬೆಂಜೀನಿನಲ್ಲಿ ಕರಗಿಸಿದ್ದಾರೆ. ಫ್ರೀಜಿಂಗ್ ಪಾಯಿಂಟ್ 1.62 ಕೆಲ್ವಿನ್ ಇಳಿಯಿತು. ಬೆಂಜೀನಿನ ಫ್ರೀಜಿಂಗ್ ಪಾಯಿಂಟ್ ಇಳಿಕೆಯ ಸ್ಥಿರಾಂಕ 4.9. ಆಸಿಡ್ ಶೇಕಡಾ ಎಷ್ಟು ಜೋಡಿಯಾಗಿದೆ?

ಫಾರ್ಮುಲಾ ಎಲ್ಲರಿಗೂ ಗೊತ್ತು. 4.9 ಇಂಟು 2 ಇಂಟು 1000. ಅದನ್ನು 1.62 ಇಂಟು 25ರಿಂದ ಭಾಗಿಸಿ. 9800 ಭಾಗಿಸು 40.5. ಉತ್ತರ 241.98. ಅಂದರೆ ಮೋಲಾರ್ ಮಾಸ್ ಸುಮಾರು 242.

ಇಲ್ಲಿ ಏನಾಗುತ್ತದೆ ಅಂತ ನಾನು ಪ್ರತಿ ವರ್ಷ ತರಗತಿಯಲ್ಲಿ ನೋಡುತ್ತೇನೆ. ಚೆನ್ನಾಗಿ ಓದುವ ಹುಡುಗಿ ಒಬ್ಬಳು 242 ಬರೆಯುತ್ತಾಳೆ. ಬೆಂಜೋಯಿಕ್ ಆಸಿಡ್ಡಿನ ಮೋಲಾರ್ ಮಾಸ್ 122 ಅಂತ ಅವಳಿಗೆ ಗೊತ್ತು. ಎಲ್ಲೋ ಎರಡರಿಂದ ಗುಣಿಸಿಬಿಟ್ಟೆ ಅಂದುಕೊಂಡು ಅಳಿಸಿಬಿಡುತ್ತಾಳೆ. ಅಳಿಸಬೇಡಿ! ಆ 242 ಇದೆಯಲ್ಲ, ಈ ಪ್ರಶ್ನೆ ಹುಟ್ಟಿದ್ದೇ ಅದಕ್ಕಾಗಿ. 122ರ ಸರಿಸುಮಾರು ಎರಡರಷ್ಟು. ಬೆಂಜೀನಿನ ಒಳಗೆ ಬೆಂಜೋಯಿಕ್ ಆಸಿಡ್ಡಿನ ಕಣಗಳು ಒಂಟಿಯಾಗಿ ಇಲ್ಲ. ಎರಡೆರಡು ಕಣಗಳು ಎದುರುಬದುರಾಗಿ ಹೈಡ್ರೋಜನ್ ಬಾಂಡಿನಿಂದ ಕೈ ಹಿಡಿದುಕೊಂಡಿವೆ. ಯಾರೂ ಕಣ್ಣಲ್ಲಿ ನೋಡಲಾಗದ ಆ ಜೋಡಿಯನ್ನು ಒಂದು ಥರ್ಮಾಮೀಟರ್ ಹಿಡಿದುಕೊಟ್ಟಿತು. ನನಗೆ ಇವತ್ತಿಗೂ ಈ ಲೆಕ್ಕ ಮಾಡುವಾಗ ಖುಷಿಯಾಗುತ್ತದೆ.

ಮುಂದಿನದ್ದು ಸಲೀಸು. 122ನ್ನು 241.98ರಿಂದ ಭಾಗಿಸಿದರೆ ವಾಂಟ್ ಹಾಫ್ ಫ್ಯಾಕ್ಟರ್, ಅಂದರೆ ಕಣಗಳ ಸಂಖ್ಯೆ ಎಷ್ಟು ಪಟ್ಟಾಗಿದೆ ಅಂತ ಹೇಳುವ ಅಂಕಿ, 0.504. ಎರಡು ಸೇರಿ ಒಂದಾಗುವಾಗ ಈ ಫ್ಯಾಕ್ಟರ್ ಅಂದರೆ 1ರಿಂದ ಜೋಡಿಯಾದ ಪಾಲಿನ ಅರ್ಧ ಕಳೆದಷ್ಟು. ಹಾಗಾಗಿ ಜೋಡಿಯಾದ ಪಾಲು 0.992. ಶೇಕಡಾ 99.2.

ಇಲ್ಲಿಗೆ ಗೈಡ್‌ನಲ್ಲಿ ಉತ್ತರ ಮುಗಿಯುತ್ತದೆ. ನೀವು ನಿಲ್ಲಬೇಡಿ. ಒಂದು ಅಂಶ ಬದಲಿಸಿ. ಎಲ್ಲಾ ಕಣಗಳೂ ಜೋಡಿಯಾಗಿದ್ದರೆ ಫ್ಯಾಕ್ಟರ್ ಎಷ್ಟು ಬರಬೇಕಿತ್ತು? 0.5. ಒಂದೂ ಆಗದಿದ್ದರೆ? 1. ಅಂದರೆ ಈ ತರದ ಲೆಕ್ಕದಲ್ಲಿ ನಿಮ್ಮ ಉತ್ತರ 0.5ರಿಂದ 1ರ ಒಳಗೇ ಇರಬೇಕು. 0.38 ಬಂದರೆ ಎಲ್ಲೋ ತಪ್ಪಿದೆ ಅಂತ ಕೀ ನೋಡದೆಯೇ ಗೊತ್ತಾಗುತ್ತದೆ.

ಈಗ ದ್ರಾವಕವನ್ನೇ ಬದಲಿಸಿ. ಬೆಂಜೀನಿನ ಬದಲು ನೀರು. ಇದಕ್ಕೂ ಪಠ್ಯದಲ್ಲಿ ಒಂದು ಲೆಕ್ಕ ಇದೆ, ಅಸಿಟಿಕ್ ಆಸಿಡ್ಡಿನದು. 0.6 ಮಿಲಿಲೀಟರ್ ಆಸಿಡ್ ಒಂದು ಲೀಟರ್ ನೀರಿನಲ್ಲಿ. ಮೊಲಾಲಿಟಿ 0.0106. ಅದನ್ನು ನೀರಿನ ಸ್ಥಿರಾಂಕ 1.86ರಿಂದ ಗುಣಿಸಿದರೆ ಇಳಿಕೆ 0.0197 ಕೆಲ್ವಿನ್ ಬರಬೇಕು. ಅಳೆದಾಗ ಬಂದದ್ದು 0.0205. ಫ್ಯಾಕ್ಟರ್ 1.041. ಒಂದಕ್ಕಿಂತ ಜಾಸ್ತಿ! ಅದೇ ಜಾತಿಯ ಆಸಿಡ್, ಬೆಂಜೀನಿನಲ್ಲಿ ಜೋಡಿಯಾಗುತ್ತದೆ, ನೀರಿನಲ್ಲಿ ಅಯಾನುಗಳಾಗಿ ಒಡೆಯುತ್ತದೆ. ಒಡೆದ ಪಾಲು 0.041. ಅದರಿಂದ ಅಸಿಟಿಕ್ ಆಸಿಡ್ಡಿನ ವಿಘಟನಾ ಸ್ಥಿರಾಂಕ ಲೆಕ್ಕ ಹಾಕಿ ನೋಡಿ. ಹತ್ತರ ಮೈನಸ್ 5ನೇ ಘಾತ ಇಂಟು 1.86 ಬರುತ್ತದೆ. ಪ್ರಥಮ ಪಿಯುಸಿಯ ಈಕ್ವಿಲಿಬ್ರಿಯಂ ಪಾಠದಲ್ಲಿ ನೀವು ಕಂಡ ಅಂಕಿಗೆ ತೀರಾ ಹತ್ತಿರ. ಎರಡು ಬೇರೆ ಅಧ್ಯಾಯಗಳು ಒಂದೇ ಅಂಕಿಯಲ್ಲಿ ಬಂದು ಸೇರಿದವು. ಪೇಪರ್ ಬಿಡಿಸುವುದರಲ್ಲಿ ನನಗೆ ಬೇಕಾದದ್ದು ಇದು.

ಎರಡನೇ ಲೆಕ್ಕಕ್ಕೆ ಕೈನೆಟಿಕ್ಸ್‌ಗೆ ಹೋಗೋಣ. ಈ ಅಧ್ಯಾಯದ ಅಂಕಗಳನ್ನು ಯಾರೂ ಬಿಡಬಾರದು, ಯಾಕೆಂದರೆ ಇಲ್ಲಿನ ಪ್ರಶ್ನೆಗಳು ತಿರುಗಿ ತಿರುಗಿ ಅವೇ ಬರುತ್ತವೆ. 'ಫಸ್ಟ್ ಆರ್ಡರ್ ಕ್ರಿಯೆಯಲ್ಲಿ ಶೇಕಡಾ 99.9 ಮುಗಿಯಲು ಹಿಡಿಯುವ ಕಾಲ ಅರ್ಧಾಯುವಿನ 10 ಪಟ್ಟು ಅಂತ ತೋರಿಸಿ.' ನೀವೆಲ್ಲ ಇದನ್ನು ಬಾಯಿಪಾಠ ಮಾಡಿದ್ದೀರಿ. ಉಳಿದದ್ದು ಸಾವಿರದಲ್ಲಿ ಒಂದು ಪಾಲು, ಲಾಗ್ 1000 ಅಂದರೆ 3, ಕಾಲ 6.909 ಭಾಗಿಸು ರೇಟ್ ಕಾನ್‌ಸ್ಟಂಟ್. ಅರ್ಧಾಯು 0.693 ಭಾಗಿಸು ಅದೇ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 10. ಸರಿ, ಅಂಕ ಬಂತು.

ಆದರೆ ಆ 10 ಎಲ್ಲಿಂದ ಬಂತು? ಪೆನ್ನು ಬಿಟ್ಟು ಯೋಚನೆ ಮಾಡಿ. ಒಂದು ಅರ್ಧಾಯು ಕಳೆದರೆ ಅರ್ಧ ಉಳಿಯುತ್ತದೆ. ಎರಡು ಕಳೆದರೆ ಕಾಲು. ಮೂರು ಕಳೆದರೆ ಎಂಟರಲ್ಲೊಂದು. ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ: 2, 4, 8, 16, 32, 64, 128, 256, 512, 1024. ಹತ್ತನೇದು 1024. ಅಂದರೆ ಹತ್ತು ಅರ್ಧಾಯು ಆದ ಮೇಲೆ 1024ರಲ್ಲಿ ಒಂದು ಪಾಲು ಉಳಿದಿದೆ. ಸಾವಿರದಲ್ಲಿ ಒಂದಕ್ಕೆ ಹತ್ತಿರ. ಲಾಗ್ ಟೇಬಲ್ಲೂ ಬೇಡ, ಕ್ಯಾಲ್ಕುಲೇಟರ್ ಕೂಡ ಬೇಡ. ಇದು ಗೊತ್ತಿದ್ದವರಿಗೆ ಸಿಇಟಿಯಲ್ಲಿ 'ಶೇಕಡಾ 87.5 ಮುಗಿಯಲು ಎಷ್ಟು ಕಾಲ' ಅಂತ ಬಂದರೆ ಐದು ಸೆಕೆಂಡ್ ಕೆಲಸ. ಉಳಿದದ್ದು ಎಂಟರಲ್ಲೊಂದು, ಮೂರು ಅರ್ಧಾಯು.

ಈಗ ಬದಲಿಸಿ. ಇದೇ ಪ್ರಶ್ನೆ ಝೀರೋ ಆರ್ಡರ್ ಕ್ರಿಯೆಗೆ ಕೇಳಿದರೆ? ಅಲ್ಲಿ ಕ್ರಿಯೆ ಒಂದೇ ವೇಗದಲ್ಲಿ ನಡೆಯುತ್ತದೆ. ಅರ್ಧ ಮುಗಿಯಲು ಎಷ್ಟು ಕಾಲವೋ, ಉಳಿದರ್ಧಕ್ಕೂ ಅಷ್ಟೇ. ಹಾಗಾಗಿ ಶೇಕಡಾ 99.9ಕ್ಕೆ ಅರ್ಧಾಯುವಿನ ಎರಡು ಪಟ್ಟಿಗಿಂತ ಚೂರು ಕಡಿಮೆ, 1.998. ಅಲ್ಲಿ ಹತ್ತು, ಇಲ್ಲಿ ಎರಡು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಂಡರೆ ಆರ್ಡರ್ ಅಂದರೆ ಏನು ಅಂತ ಒಂದು ಪುಟ ಡೆಫಿನಿಷನ್ ಓದಿದ್ದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಇದೇ ಅಧ್ಯಾಯದ ಇನ್ನೊಂದು ಖಾಯಂ ಗಿರಾಕಿ ಇದೆ. '298 ಕೆಲ್ವಿನ್‌ನಿಂದ 308ಕ್ಕೆ ಹೋದಾಗ ಕ್ರಿಯೆಯ ವೇಗ ಎರಡು ಪಟ್ಟಾಗುತ್ತದೆ. ಆಕ್ಟಿವೇಶನ್ ಎನರ್ಜಿ ಎಷ್ಟು?' ಅರೇನಿಯಸ್ ಸಮೀಕರಣಕ್ಕೆ ಹಾಕಿ. ಲಾಗ್ 2 ಅಂದರೆ 0.3010. ಗ್ಯಾಸ್ ಕಾನ್‌ಸ್ಟಂಟ್ 8.314. ಉತ್ತರ ಮೋಲಿಗೆ 52.9 ಕಿಲೋಜೂಲ್.

ಕೆಲವರು ಇಲ್ಲಿ ಕೆಲ್ವಿನ್ ಬದಲು 25, 35 ಅಂತ ಸೆಲ್ಸಿಯಸ್ ಹಾಕುತ್ತಾರೆ. ವ್ಯತ್ಯಾಸ ಹೇಗಿದ್ದರೂ 10 ತಾನೇ ಅಂತ. ವ್ಯತ್ಯಾಸ ಹತ್ತೇ ಇರಬಹುದು, ಆದರೆ ಆ ಎರಡು ಉಷ್ಣತೆಗಳ ಗುಣಲಬ್ಧವೂ ಸಮೀಕರಣದಲ್ಲಿ ಕೂತಿದೆ. ಸೆಲ್ಸಿಯಸ್ ಹಾಕಿದರೆ ಉತ್ತರ ಸುಮಾರು 504 ಜೂಲ್. ಅರ್ಧ ಕಿಲೋಜೂಲ್! ಅಷ್ಟು ಚಿಕ್ಕ ತಡೆ ಇದ್ದರೆ ಉಷ್ಣತೆ ಏರಿಸಿದರೂ ವೇಗ ಹೆಚ್ಚುಕಮ್ಮಿ ಹಾಗೇ ಇರುತ್ತಿತ್ತು, ಎರಡು ಪಟ್ಟು ಎಲ್ಲಿಂದ ಆಗಬೇಕು? ಉತ್ತರವನ್ನು ಹೀಗೆ ಪ್ರಶ್ನೆ ಮಾಡುವ ಅಭ್ಯಾಸ ಇದ್ದವರು ಈ ತಪ್ಪನ್ನು ತಾವೇ ಹಿಡಿಯುತ್ತಾರೆ.

ಈಗ ಬದಲಾವಣೆ. ಅದೇ ಕ್ರಿಯೆ, ಅದೇ 52.9 ಕಿಲೋಜೂಲ್. ಉಷ್ಣತೆ ಮಾತ್ರ 500ರಿಂದ 510ಕ್ಕೆ. ಇಲ್ಲೂ ಹತ್ತು ಡಿಗ್ರಿ ಏರಿಕೆ. ವೇಗ ಎಷ್ಟು ಪಟ್ಟಾಗುತ್ತದೆ? ಊಹೆ ಮಾಡಿ, ಆಮೇಲೆ ಬಿಡಿಸಿ. ಸಭೆಯಲ್ಲಿ ಎರಡು ಪಟ್ಟು ಅಂತ ಬಹಳ ಜನ ಹೇಳಿದಿರಿ. ಬರುವುದು 1.28 ಪಟ್ಟು. 'ಹತ್ತು ಡಿಗ್ರಿಗೆ ಎರಡು ಪಟ್ಟು' ಅನ್ನೋ ಮಾತನ್ನು ನಾವು ನಿಯಮದ ಹಾಗೆ ಹೇಳಿಕೊಂಡು ಬಂದಿದ್ದೇವೆ. ಅದು ನಿಜವಾಗುವುದು ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ, ಅದೂ ಆಕ್ಟಿವೇಶನ್ ಎನರ್ಜಿ 50 ಕಿಲೋಜೂಲ್ ಸುತ್ತಮುತ್ತ ಇದ್ದಾಗ. ಇದನ್ನು ನಾನು ಹೇಳಿಕೊಟ್ಟರೆ ನೀವು ನಾಳೆ ಮರೆಯುತ್ತೀರಿ. ನೀವೇ ಅಂಕಿ ಬದಲಿಸಿ ಕಂಡುಕೊಂಡರೆ ಮರೆಯುವುದಿಲ್ಲ.

ಯೂನಿಟ್ ಬಗ್ಗೆ ಎರಡೇ ಮಾತು. 0.20 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, ಕಂಡಕ್ಟಿವಿಟಿ ಸೆಂಟಿಮೀಟರಿಗೆ 0.0248 ಸೀಮೆನ್ಸ್. ಸಾವಿರದಿಂದ ಗುಣಿಸಿ 0.20ರಿಂದ ಭಾಗಿಸಿದರೆ ಮೋಲಾರ್ ಕಂಡಕ್ಟಿವಿಟಿ 124. ಈ ಸಾವಿರವನ್ನು ಮರೆತರೆ 0.124 ಬರುತ್ತದೆ. ಪೊಟ್ಯಾಸಿಯಂ ಕ್ಲೋರೈಡಿಗೆ ಎಷ್ಟೇ ತೆಳುವಾದ ದ್ರಾವಣದಲ್ಲಿ ಸಿಗುವ ಗರಿಷ್ಠ ಮೌಲ್ಯ 150ರ ಹತ್ತಿರ ಅಂತ ನೆನಪಿದ್ದರೆ 124 ನಂಬುವ ಹಾಗಿದೆ, 0.124 ಇಲ್ಲ. ಇಷ್ಟು ಸಾಕು.

ಲೆಕ್ಕಗಳು ಹೀಗಾಯಿತು. ನಿಜವಾಗಿ ಮಕ್ಕಳು ಅಂಕ ಕಳೆದುಕೊಳ್ಳುವುದು 'ಕಾರಣ ಕೊಡಿ' ಪ್ರಶ್ನೆಗಳಲ್ಲಿ. ಅದರಲ್ಲೂ ಆರ್ಗ್ಯಾನಿಕ್. ಯಾಕೆಂದರೆ ಅವನ್ನು ವರ್ಷದ ಪ್ರಕಾರ ಓದುತ್ತೀರಿ. ಈ ವರ್ಷದ್ದು ಒಂದು, ಆ ವರ್ಷದ್ದು ಒಂದು. ನೂರು ಬಿಡಿ ಬಿಡಿ ಕಾರಣಗಳು ತಲೆಯಲ್ಲಿ ನಿಲ್ಲುವುದಿಲ್ಲ.

ಒಂದು ಕೆಲಸ ಮಾಡಿ. ಹಳೆಯ ಪೇಪರ್‌ಗಳ ಜೆರಾಕ್ಸ್ ತೆಗೆಸಿ, ಈ ಪ್ರಶ್ನೆಗಳನ್ನು ಕತ್ತರಿಸಿ, ಒಂದು ನೋಟ್ ಪುಸ್ತಕದಲ್ಲಿ ಕಾರಣದ ಪ್ರಕಾರ ಅಂಟಿಸಿ. ಅನಿಲೀನ್ ತೆಗೆದುಕೊಳ್ಳಿ. ಒಂದು ಪ್ರಶ್ನೆ: ಅನಿಲೀನ್ ಅಮೋನಿಯಾಗಿಂತ ದುರ್ಬಲ ಬೇಸ್, ಯಾಕೆ? ಇನ್ನೊಂದು: ಬ್ರೋಮಿನ್ ನೀರು ಹಾಕಿದ ಕೂಡಲೇ ಟ್ರೈಬ್ರೋಮೋಅನಿಲೀನಿನ ಬಿಳಿ ಗಸಿ ಬರುತ್ತದೆ, ಒಂದೇ ಬ್ರೋಮಿನ್‌ಗೆ ನಿಲ್ಲುವುದಿಲ್ಲ, ಯಾಕೆ? ಮತ್ತೊಂದು: ಫ್ರೀಡೆಲ್-ಕ್ರಾಫ್ಟ್ಸ್ ಕ್ರಿಯೆ ನಡೆಯುವುದಿಲ್ಲ, ಯಾಕೆ? ಇನ್ನೂ ಒಂದು: ಅನಿಲೀನ್ ನೈಟ್ರೇಷನ್ ಮಾಡಿದರೆ ಮೆಟಾ ಉತ್ಪನ್ನ ಅಷ್ಟೊಂದು ಬರುತ್ತದೆ, ಯಾಕೆ?

ಪ್ರಶ್ನೆ ನಾಲ್ಕು, ಬೇರು ಒಂದೇ. ನೈಟ್ರೋಜನ್ ಮೇಲಿರುವ ಲೋನ್ ಪೇರ್, ಅಂದರೆ ಬಂಧದಲ್ಲಿ ತೊಡಗದ ಎಲೆಕ್ಟ್ರಾನ್ ಜೋಡಿ. ಅದು ಬೆಂಜೀನ್ ಉಂಗುರದ ಕಡೆ ವಾಲಿದೆ, ಹಾಗಾಗಿ ಪ್ರೋಟಾನಿಗೆ ಸುಲಭವಾಗಿ ಸಿಗುವುದಿಲ್ಲ, ಬೇಸ್ ದುರ್ಬಲ. ಅದೇ ಲೋನ್ ಪೇರ್ ಉಂಗುರದ ಆರ್ಥೋ, ಪ್ಯಾರಾ ಜಾಗಗಳಲ್ಲಿ ಎಲೆಕ್ಟ್ರಾನ್ ತುಂಬುತ್ತದೆ, ಹಾಗಾಗಿ ಬ್ರೋಮಿನ್ ಮೂರೂ ಕಡೆ ನುಗ್ಗುತ್ತದೆ. ಅದೇ ಲೋನ್ ಪೇರ್ ಅಲ್ಯೂಮಿನಿಯಂ ಕ್ಲೋರೈಡಿಗೆ ಅಂಟಿಕೊಂಡು ಲವಣವಾಗುತ್ತದೆ. ನೈಟ್ರೋಜನ್ ಮೇಲೆ ಧನ ಆವೇಶ ಬಂದ ಮೇಲೆ ಉಂಗುರ ನಿಷ್ಕ್ರಿಯ, ಫ್ರೀಡೆಲ್-ಕ್ರಾಫ್ಟ್ಸ್ ಕೆಲಸ ಕೆಟ್ಟಿತು. ನೈಟ್ರೇಷನ್ನಿನಲ್ಲಿ ಇರುವುದು ಗಾಢ ಆಸಿಡ್ ಮಿಶ್ರಣ. ಅಲ್ಲಿ ಅದೇ ಲೋನ್ ಪೇರ್ ಪ್ರೋಟಾನ್ ಹಿಡಿದು ಅನಿಲೀನಿಯಂ ಅಯಾನ್ ಆಗುತ್ತದೆ. ಅದು ಹೊಸದಾಗಿ ಬರುವ ಗುಂಪನ್ನು ಮೆಟಾ ಜಾಗಕ್ಕೆ ಕಳಿಸುತ್ತದೆ. ಪಠ್ಯ ಕೊಡುವ ಅಂಕಿ ನೋಡಿ: ಪ್ಯಾರಾ ಶೇಕಡಾ 51, ಮೆಟಾ 47, ಆರ್ಥೋ 2.

ಈ ಅಂಕಿಗಳ ಮುಂದೆ ಸ್ವಲ್ಪ ನಿಲ್ಲಿ. ಎಲ್ಲಾ ಅನಿಲೀನೂ ಅಯಾನ್ ಆಗಿ, ಅಯಾನೇ ಕ್ರಿಯೆಯಲ್ಲಿ ತೊಡಗಿದ್ದರೆ ಮೆಟಾವೇ ಮುಖ್ಯ ಆಗಬೇಕಿತ್ತಲ್ಲ? ಅರ್ಧಕ್ಕಿಂತ ಜಾಸ್ತಿ ಪ್ಯಾರಾ ಯಾಕೆ ಬಂತು? ಅಯಾನ್ ಆಗದೆ ಉಳಿದ ಚೂರು ಅನಿಲೀನ್ ಅಷ್ಟು ಚುರುಕು, ಪ್ರಮಾಣದಲ್ಲಿ ಕಡಿಮೆ ಇದ್ದರೂ ಕ್ರಿಯೆಯಲ್ಲಿ ಮುಂದೆ ಓಡುತ್ತದೆ. ಈ ಪ್ರಶ್ನೆ ಯಾವ ಪೇಪರ್‌ನಲ್ಲಿ ಕೇಳದಿದ್ದರೂ ನೀವು ಕೇಳಿಕೊಳ್ಳಿ. ಆಮೇಲೆ ಬದಲಿಸಿ: ನನಗೆ ಪ್ಯಾರಾ ನೈಟ್ರೋಅನಿಲೀನ್ ಮಾತ್ರ ಮುಖ್ಯವಾಗಿ ಬೇಕು, ಏನು ಮಾಡಲಿ? ಲೋನ್ ಪೇರ್ ತೊಂದರೆ ಕೊಡುತ್ತಿದೆ ಅಂತ ಗೊತ್ತಾದ ಮೇಲೆ ದಾರಿ ತಾನಾಗಿ ಹೊಳೆಯುತ್ತದೆ. ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಅಸಿಟನಿಲೈಡ್ ಮಾಡಿ, ಲೋನ್ ಪೇರನ್ನು ಅರ್ಧ ಕಟ್ಟಿಹಾಕಿ. ನೈಟ್ರೇಷನ್ ಮಾಡಿ. ಕೊನೆಗೆ ಹೈಡ್ರಾಲಿಸಿಸ್ ಮಾಡಿ ಬಿಡಿಸಿ. ಅದೇ ಐದು ಅಂಕದ 'ಹೇಗೆ ಪರಿವರ್ತಿಸುವಿರಿ' ಪ್ರಶ್ನೆಯ ಒಂದು ಭಾಗ!

ಒಂದು ಎಚ್ಚರಿಕೆ. 'ಗೇಬ್ರಿಯಲ್ ಥ್ಯಾಲಿಮೈಡ್ ವಿಧಾನದಿಂದ ಅನಿಲೀನ್ ತಯಾರಿಸಲು ಆಗುವುದಿಲ್ಲ, ಯಾಕೆ' ಅಂತಲೂ ಕೇಳುತ್ತಾರೆ. ಅನಿಲೀನ್ ಹೆಸರಿದೆ ಅಂತ ಅದೇ ಪುಟದಲ್ಲಿ ಅಂಟಿಸಬೇಡಿ. ಅದರ ಬೇರು ಬೇರೆ ಕಡೆ ಇದೆ. ಕ್ಲೋರೋಬೆಂಜೀನಿನಲ್ಲಿ ಕಾರ್ಬನ್-ಕ್ಲೋರಿನ್ ಬಂಧ ಅರೆ ಡಬಲ್ ಬಾಂಡಿನಂತೆ ಗಟ್ಟಿ, ನ್ಯೂಕ್ಲಿಯೋಫೈಲ್ ಅದನ್ನು ಸುಲಭವಾಗಿ ಮುರಿಯಲಾರದು. ಕ್ಲೋರೋಬೆಂಜೀನ್‌ನಿಂದ ಫೀನಾಲ್ ಮಾಡಲು 623 ಕೆಲ್ವಿನ್, 300 ವಾಯುಭಾರ ಒತ್ತಡ ಬೇಕು ಅನ್ನೋ ಪ್ರಶ್ನೆಯ ಪಕ್ಕ ಇದನ್ನು ಅಂಟಿಸಿ. ಅದರ ಕೆಳಗೆ ಇನ್ನೊಂದು: ಉಂಗುರದಲ್ಲಿ ಮೂರು ನೈಟ್ರೋ ಗುಂಪು ಇದ್ದರೆ ಬಿಸಿ ನೀರೇ ಸಾಕು. ಯಾಕೆ? ಅಲ್ಲಿಗೆ ಆ ಪುಟವೂ ತುಂಬಿತು.

ಕೋಆರ್ಡಿನೇಷನ್ ಕಾಂಪೌಂಡ್ಸ್‌ಗೂ ಹೀಗೇ. ನಿಕ್ಕಲ್ಲಿನ ಮೂರು ಸಂಯುಕ್ತಗಳನ್ನು ಒಂದೇ ಪುಟಕ್ಕೆ ತನ್ನಿ: ನಾಲ್ಕು ಕ್ಲೋರೈಡ್ ಇರುವುದು, ನಾಲ್ಕು ಸಯನೈಡ್ ಇರುವುದು, ನಾಲ್ಕು ಕಾರ್ಬನ್ ಮಾನಾಕ್ಸೈಡ್ ಇರುವುದು. ಮೊದಲನೆಯದು ಟೆಟ್ರಾಹೆಡ್ರಲ್, ಪ್ಯಾರಾಮ್ಯಾಗ್ನೆಟಿಕ್. ಎರಡನೆಯದು ಸ್ಕ್ವೇರ್ ಪ್ಲೇನಾರ್, ಡಯಾಮ್ಯಾಗ್ನೆಟಿಕ್. ಮೂರನೆಯದು ಟೆಟ್ರಾಹೆಡ್ರಲ್, ಆದರೂ ಡಯಾಮ್ಯಾಗ್ನೆಟಿಕ್, ಯಾಕೆಂದರೆ ಅಲ್ಲಿ ನಿಕ್ಕಲ್ ಸೊನ್ನೆ ಸ್ಥಿತಿಯಲ್ಲಿದೆ. ಒಂದೊಂದನ್ನೇ ಬೇರೆ ಬೇರೆ ವರ್ಷದಲ್ಲಿ ಕಂಡರೆ ಗೊಂದಲ, ಒಟ್ಟಿಗೆ ಕಂಡರೆ ಸ್ಪಷ್ಟ. ವೆರ್ನರ್‌ನ ಕೋಬಾಲ್ಟ್ ಸಂಯುಕ್ತಗಳೂ ಹಾಗೆಯೇ. ಆರು ಅಮೋನಿಯಾ ಇದ್ದರೆ ಸಿಲ್ವರ್ ನೈಟ್ರೇಟಿಗೆ ಮೂರು ಮೋಲ್ ಗಸಿ, ಐದಿದ್ದರೆ ಎರಡು, ನಾಲ್ಕಿದ್ದರೆ ಒಂದು. ಕೆಲವು ಕ್ಲೋರೈಡ್‌ಗಳು ಲೋಹಕ್ಕೇ ನೇರವಾಗಿ ಅಂಟಿಕೊಂಡಿರುತ್ತವೆ ಅನ್ನೋ ಅವನ ವಾದಕ್ಕೆ ಹೀಗೆ ಗಸಿ ಎಣಿಸಿದ್ದು ಒಂದು ದೊಡ್ಡ ಆಧಾರ. ಆ ಕೆಲಸಕ್ಕೆ 1913ರಲ್ಲಿ ನೊಬೆಲ್ ಬಂತು. ನೀವು ಒಂದು ಅಂಕಕ್ಕೆ ಬರೆಯುವ ಉತ್ತರದ ಹಿಂದೆ ಅಷ್ಟು ದೊಡ್ಡ ವಾದ ಇದೆ.

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಇಷ್ಟೊಂದು ಜನ! ನಿಮಗೆ ಬೇರೆಯಾಗಿ ಒಂದು ಮಾತು. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ, ಪುಸ್ತಕ ಮುಚ್ಚಿ, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ನಿಮ್ಮ ಮನೆ ಭಾಷೆಯಲ್ಲಿ ಜೋರಾಗಿ ಹೇಳಿಕೊಳ್ಳಿ. ಆಮೇಲೆ ಬಿಡಿಸಿ. ನಿಮ್ಮಲ್ಲಿ ಬಹಳ ಜನರಿಗೆ ಕೆಮಿಸ್ಟ್ರಿ ಕಷ್ಟ ಆಗಿರುವುದಿಲ್ಲ, ವಾಕ್ಯ ಕಷ್ಟ ಆಗಿರುತ್ತದೆ. ಪ್ರಶ್ನೆಪತ್ರಿಕೆಯ ಇಂಗ್ಲಿಷಿನಲ್ಲಿ ಬಳಸುವ ವಾಕ್ಯಗಳು ಬೆರಳೆಣಿಕೆಯಷ್ಟು. ನಾಲ್ಕೈದು ಪೇಪರ್ ಹೀಗೆ ಮಾಡಿದರೆ ಭಯ ಹೋಗುತ್ತದೆ. ದಯವಿಟ್ಟು ಮಾಡಿ. ನೀವು ಹಿಂದೆ ಬೀಳುವುದನ್ನು ನೋಡಲು ನನಗೆ ಇಷ್ಟವಿಲ್ಲ.

ಸಿಇಟಿಯಲ್ಲಿ ಕೆಮಿಸ್ಟ್ರಿಗೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡ್ ಅಷ್ಟೇ, ಕ್ಯಾಲ್ಕುಲೇಟರೂ ಇಲ್ಲ. ಹಾಗಿರುವಾಗ ಒಂದು ಪ್ರಶ್ನೆ ಜೊತೆ ಅಷ್ಟು ಹೊತ್ತು ಕೂರೋದು ಹೇಗೆ ಅಂತ ಕೇಳಬಹುದು. ಮನೆಯಲ್ಲಿ ನಿಧಾನವಾಗಿ ಕೂತವರೇ ಅಲ್ಲಿ ಬೇಗ ಮಾಡುತ್ತಾರೆ. ಆಗಲೇ ನೋಡಿದಿರಲ್ಲ, 1024. ಟೈಮ್ ಇಟ್ಟುಕೊಂಡು ಬಿಡಿಸುವ ಅಭ್ಯಾಸವೂ ಬೇಕು, ಆದರೆ ಅದು ಕೊನೆಯ ತಿಂಗಳ ಕೆಲಸ.

ಇನ್ನೂ ಮುಂದೆ ಹೋಗಬೇಕು ಅನ್ನುವವರಿಗೆ ಒಲಿಂಪಿಯಾಡ್ ಪೇಪರ್‌ಗಳಿವೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ವೆಬ್‌ಸೈಟಿನಲ್ಲಿ ಹಳೆಯವು ಉಚಿತವಾಗಿ ಸಿಗುತ್ತವೆ. ಅಲ್ಲಿ ಒಂದು ಪ್ರಶ್ನೆ ಅಂದರೆ ಒಂದು ಪುಟ್ಟ ಕಥೆ. ಒಂದು ಔಷಧವೋ, ಒಂದು ಲೋಹವೋ ತೆಗೆದುಕೊಂಡು ಅದರ ಸುತ್ತ ಹತ್ತಾರು ಉಪಪ್ರಶ್ನೆ ಹೆಣೆದಿರುತ್ತಾರೆ. ನಾವು ಇವತ್ತು ಕಷ್ಟಪಟ್ಟು ಮಾಡಿದ 'ಒಂದು ಅಂಶ ಬದಲಿಸಿ' ಕೆಲಸವನ್ನು ಅಲ್ಲಿ ಪ್ರಶ್ನೆ ಬರೆದವರೇ ಮಾಡಿರುತ್ತಾರೆ. ಆಯ್ಕೆ ಆಗಬೇಕು ಅಂತೇನಿಲ್ಲ. ತಿಂಗಳಿಗೆ ಒಂದು ಪ್ರಶ್ನೆ ಓದಿ, ಅರ್ಧ ಅರ್ಥವಾದರೂ ಲಾಭ.

ಪೋಷಕರಿಗೆ ಒಂದು ವಿನಂತಿ. ಎಷ್ಟು ಪೇಪರ್ ಆಯಿತು ಅಂತ ಕೇಳಬೇಡಿ. ಇವತ್ತು ಯಾವ ಪ್ರಶ್ನೆ ಚೆನ್ನಾಗಿತ್ತು ಅಂತ ಕೇಳಿ. ನಿಮಗೆ ಕೆಮಿಸ್ಟ್ರಿ ಬರಬೇಕಾಗಿಲ್ಲ, ಮಗು ಹೇಳುವುದನ್ನು ಕೂತು ಕೇಳಿದರೆ ಸಾಕು.

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

'ಸರ್, ಉತ್ತರ ತಪ್ಪಾದರೂ ಸ್ಟೆಪ್ಸ್‌ಗೆ ಅಂಕ ಸಿಗುತ್ತಾ?' ಸಿಗುತ್ತದೆ. ಲೆಕ್ಕದಲ್ಲಿ ಫಾರ್ಮುಲಾಗೆ, ಅಂಕಿ ಹಾಕಿದ್ದಕ್ಕೆ, ಯೂನಿಟ್ ಸಮೇತ ಉತ್ತರಕ್ಕೆ ಬೇರೆ ಬೇರೆಯಾಗಿ ಅಂಕ ಹಂಚಿರುತ್ತಾರೆ. ಮಂಡಳಿ ಪ್ರಕಟಿಸುವ ಮೌಲ್ಯಮಾಪನದ ಕೀ ತೆಗೆದು ನೋಡಿ, ಎಲ್ಲಿ ಎಷ್ಟು ಅಂತ ಬರೆದಿರುತ್ತದೆ. ಪೇಪರ್ ಬಿಡಿಸಿದ ಮೇಲೆ ಆ ಕೀ ಇಟ್ಟುಕೊಂಡು ನಿಮ್ಮ ಉತ್ತರಕ್ಕೆ ನೀವೇ ಕೆಂಪು ಪೆನ್ನಲ್ಲಿ ಅಂಕ ಹಾಕಿ. ಸ್ನೇಹಿತರ ಉತ್ತರ ತಿದ್ದಿದರೆ ಇನ್ನೂ ಒಳ್ಳೆಯದು. ಬರೆದಿದ್ದೇನೆ ಅಂತ ನೀವು ಅಂದುಕೊಂಡಿದ್ದಕ್ಕೂ ಹಾಳೆಯ ಮೇಲೆ ಇರುವುದಕ್ಕೂ ಎಷ್ಟು ದೂರ ಅಂತ ಆಗ ಕಾಣುತ್ತದೆ.

ಎರಡನೆಯದು ನನಗೆ ಬಹಳ ಇಷ್ಟವಾದ ಪ್ರಶ್ನೆ. 'ಸರ್, ಗೈಡ್‌ನಲ್ಲೇ ಉತ್ತರ ತಪ್ಪಿದ್ದರೆ ಹೇಗೆ ಗೊತ್ತಾಗಬೇಕು?' ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ. ಒಂದು ಸೆಲ್ ಲೆಕ್ಕ ಮಾಡಿ ತೋರಿಸಿದೆ. ಮೆಗ್ನೀಷಿಯಂ ಒಂದು ಕಡೆ, ಅಯಾನ್ 0.130 ಮೋಲಾರ್. ಸಿಲ್ವರ್ ಇನ್ನೊಂದು ಕಡೆ, ಅಯಾನ್ 0.0001 ಮೋಲಾರ್. ಸ್ಟ್ಯಾಂಡರ್ಡ್ ವೋಲ್ಟೇಜ್ 3.17. ಈಗ ಎಷ್ಟು? ನೆರ್ನ್ಸ್ಟ್ ಸಮೀಕರಣದಲ್ಲಿ ಸಿಲ್ವರಿನ ಸಾಂದ್ರತೆಯನ್ನು ವರ್ಗ ಮಾಡಬೇಕು, ಯಾಕೆಂದರೆ ಒಂದು ಮೆಗ್ನೀಷಿಯಂ ಬಿಟ್ಟ ಎರಡು ಎಲೆಕ್ಟ್ರಾನನ್ನು ತೆಗೆದುಕೊಳ್ಳಲು ಎರಡು ಸಿಲ್ವರ್ ಅಯಾನ್ ಬೇಕು. ವರ್ಗ ಮಾಡಿದರೆ ಉತ್ತರ 2.96 ವೋಲ್ಟ್. ವರ್ಗ ಮರೆತರೆ 3.08. ಎರಡೂ 3.17ಕ್ಕಿಂತ ಕಡಿಮೆಯೇ, ಎರಡೂ ನಂಬುವ ಹಾಗೇ ಕಾಣುತ್ತವೆ. ಗೈಡ್‌ನಲ್ಲಿ 3.08 ಅಚ್ಚಾಗಿದ್ದರೆ ಏನು ಮಾಡುವಿರಿ?

ಲಾಗ್ ಟೇಬಲ್ ಮುಚ್ಚಿಟ್ಟು ಇನ್ನೊಂದು ದಾರಿಯಲ್ಲಿ ಹೋಗಿ. ಸಿಲ್ವರ್ ಅಯಾನ್ ಹತ್ತು ಪಟ್ಟು ಕಡಿಮೆಯಾದರೆ ಆ ಕಡೆಯ ವೋಲ್ಟೇಜ್ 0.059 ಇಳಿಯುತ್ತದೆ, ಯಾಕೆಂದರೆ ಒಂದು ಸಿಲ್ವರ್ ಅಯಾನಿಗೆ ಒಂದೇ ಎಲೆಕ್ಟ್ರಾನ್. 1ರಿಂದ 0.0001 ಅಂದರೆ ನಾಲ್ಕು ಸಲ ಹತ್ತು ಪಟ್ಟು ಇಳಿಕೆ. 4 ಇಂಟು 0.059, ಅಂದರೆ 0.236 ಇಳಿಯಿತು. ಮೆಗ್ನೀಷಿಯಂ ಅಯಾನ್ 1ರ ಬದಲು 0.130 ಇದೆ, ಹತ್ತು ಪಟ್ಟಿಗಿಂತ ಸ್ವಲ್ಪ ಕಡಿಮೆ ಇಳಿಕೆ. ಅದಕ್ಕೆ ಎರಡು ಎಲೆಕ್ಟ್ರಾನ್, ಹಾಗಾಗಿ ಹತ್ತು ಪಟ್ಟಿಗೆ 0.0295. ಸುಮಾರು 0.026 ಏರಿತು. ಒಟ್ಟು ಇಳಿಕೆ 0.21. 3.17ರಲ್ಲಿ 0.21 ಹೋದರೆ 2.96.

ಎರಡು ಬೇರೆ ದಾರಿಯಲ್ಲಿ ಹೋಗಿ ಒಂದೇ ಕಡೆ ತಲುಪಿದರೆ ನಿಮ್ಮ ಉತ್ತರವನ್ನು ನಂಬಿ, ಪುಸ್ತಕದಲ್ಲಿ ಏನೇ ಅಚ್ಚಾಗಿರಲಿ. ಆಮೇಲೆ ನಿಮ್ಮ ಲೆಕ್ಚರರ್ ಹತ್ತಿರ ಹೋಗಿ ಎರಡನ್ನೂ ತೋರಿಸಿ. ಆ ಹುಡುಗ ಅಲ್ಲೇ ಇನ್ನೊಂದು ಕೇಳಿದ: ವೋಲ್ಟೇಜ್ ಸರಿಯಾಗಿ 3.17 ಬರಬೇಕಾದರೆ ಎರಡೂ ಅಯಾನ್ 1 ಮೋಲಾರ್ ಇರಲೇಬೇಕಾ ಸರ್? ಇರಬೇಕಾಗಿಲ್ಲ. ಮೆಗ್ನೀಷಿಯಂ 0.01, ಸಿಲ್ವರ್ 0.1 ಹಾಕಿ ನೋಡಿ. ಸಿಲ್ವರಿನ ವರ್ಗವೂ 0.01, ಎರಡೂ ಸಮ, ಲಾಗ್ ಸೊನ್ನೆ.